ಭೂರೈಲಿನ ಟ್ರೇಲರ್: ಕೊಂಡಿಯಲ್ಲೇ ಇದೆ ಕಸರತ್ತು

ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ಊರಲ್ಲವೇ, ಹಾಸನದ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ರಾಕೆಟ್ ಚೆನ್ನಾಗಿಯೇ ಮಾಡುತ್ತಾರೆ. ವಿಜ್ಞಾನ ಕಥೆಗಳಲ್ಲಿ ಹಳಿಯಿಲ್ಲದೆ ಮಂಗಳನ ಬಯಲಲ್ಲಿ ಓಡುವ ಭೂರೈಲು ಮಾಡಲು ಹೊರಟವರು ಮಾತ್ರ ಎಂಜಿನ್ನಿಗೆ ಎಲ್‌ಇಡಿ ಜೋಡಿಸುವುದರಲ್ಲೇ ಮುಳುಗಿ, ಟ್ರೇಲರ್‌ಗಳನ್ನು ದಾರದಲ್ಲಿ ಕಟ್ಟಿಬಿಡುತ್ತಾರೆ. ಮೊದಲ ತಿರುವಿಗೇ ಕಥೆ ಮುಗಿಯಿತು.

ಇದು ಬರೀ ಕಲ್ಪನೆಯೂ ಅಲ್ಲ. ಅಮೆರಿಕದ ಲೆಟೂರ್ನೊ ಕಂಪನಿ ಸೇನೆಗಾಗಿ ಕಟ್ಟಿದ ಟಿಸಿ-497, 1962ರಲ್ಲಿ ಅರಿಜೋನಾದ ಯೂಮಾದಲ್ಲಿ ಪರೀಕ್ಷೆಗೆ ಇಳಿದಿತ್ತು. 54 ಚಕ್ರ, ಒಂದೊಂದಕ್ಕೂ ಅದರದೇ ಮೋಟಾರ್, 150 ಟನ್ ಸರಕು. ಚಕ್ರದ ಎತ್ತರವೇ 10 ಅಡಿ. 1:50ಕ್ಕೆ ಇಳಿಸಿದರೆ ಚಕ್ರ 6 ಸೆಂ.ಮೀ., 20 ಅಡಿಯ ಕಂಟೇನರ್ 12 ಸೆಂ.ಮೀ. ನಮ್ಮ ಅಳತೆ ಇಷ್ಟೇ.

ಮೊದಲು ಚಕ್ರ: ಜಾಮ್ ಬಾಟಲಿಯ ಎರಡು ಮುಚ್ಚಳ ಸೇರಿಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ. ಅಚ್ಚಿಗೆ ಸೈಕಲ್ ಕಡ್ಡಿ, ಅದು ತಿರುಗಲು ಸ್ಟ್ರಾ ತುಂಡು. ಟ್ರೇಲರಿಗೆ ಎರಡೇ ಚಕ್ರ ಸಾಕು. ಹಾಸು 5 ಮಿ.ಮೀ. ಸನ್‌ಬೋರ್ಡಿನದು, ರಟ್ಟು ಬೇಡ, ಅಂಟಿನ ತೇವಕ್ಕೇ ಬಾಗುತ್ತದೆ.

ಈಗ ಕೊಂಡಿ. ಸಕಲೇಶಪುರದ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ತಿರುಗಿದಾಗ ಹಿಂದಿನ ಟ್ರಾಲಿ ಒಳಕ್ಕೆ ಸರಿದು ಅಂಚಿನ ಕಾಫಿ ಗಿಡ ಸವರಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಒಂದು ಟ್ರಾಲಿಗೇ ಹೀಗಾದರೆ, ಎಂಟು ಹತ್ತು ಟ್ರೇಲರ್ ಇದ್ದಾಗ ಕೊನೆಯದು ದಾರಿಯಲ್ಲೇ ಇರುವುದಿಲ್ಲ. ಇದಕ್ಕೆ ಸುಲಭದ ಲೆಕ್ಕವಿದೆ. ಹಾಸಿನ ಅಡಿಯಲ್ಲಿ ಉದ್ದಕ್ಕೆ ಒಂದೇ ಅಲ್ಯೂಮಿನಿಯಂ ಪಟ್ಟಿ ಕೂರಿಸಿ. ಅದರ ಮುಂದಿನ ತುದಿಗೆ 5 ಮಿ.ಮೀ. ತೂತು, ಹಿಂದಿನ ತುದಿಗೆ ಮೇಲ್ಮುಖವಾಗಿ ಎಂ3 (3 ಮಿ.ಮೀ. ದಪ್ಪದ) ಬೋಲ್ಟ್. ಒಂದು ಟ್ರೇಲರಿನ ಬೋಲ್ಟು ಅದರ ಹಿಂದಿನ ಟ್ರೇಲರಿನ ತೂತಿಗೆ ಕೂರುತ್ತದೆ. ಅಚ್ಚಿನಿಂದ ತೂತಿನ ನಡುವಿಗೆ 9 ಸೆಂ.ಮೀ.; ಅಚ್ಚಿನಿಂದ ಬೋಲ್ಟಿನ ನಡುವಿಗೂ 9. ಹಾಸಿನ ಅಂಚಿನಿಂದ ಅಳೆಯಬೇಡಿ, ಎಲ್ಲರೂ ಎಡವುವುದು ಇಲ್ಲೇ. ಎರಡೂ ಸಮವಿದ್ದರೆ ತಿರುವಿನ ಕೇಂದ್ರದಿಂದ ತೂತೂ ಬೋಲ್ಟೂ ಒಂದೇ ದೂರದಲ್ಲಿರುತ್ತವೆ. ಹಾಗಾಗಿ ಎಲ್ಲ ಅಚ್ಚುಗಳೂ ಒಂದೇ ವೃತ್ತದ ಮೇಲೆ ಓಡುತ್ತವೆ. ಎಂಜಿನ್ನಿನ ಹಿಂದಿನ ಅಚ್ಚಿನಿಂದಲೂ ಬೋಲ್ಟ್ 9 ಸೆಂ.ಮೀ. ಹಿಂದಿರಲಿ.

ಬೋಲ್ಟ್ 3, ತೂತು 5: ಆ ಸಡಿಲ ಬೇಕೇ ಬೇಕು. ಉಬ್ಬುತಗ್ಗಿನಲ್ಲಿ ಟ್ರೇಲರ್ ಓರೆಯಾಗಲು ಜಾಗ ಕೊಡುವುದು ಅದೇ. ಮೇಲೆ ವಾಷರ್ ಇಟ್ಟು, ನಟ್ ಬಿಗಿಯದೆ, ಒಂದರ ಮೇಲೊಂದು ಎರಡು ನಟ್ ಹಾಕಿ ಲಾಕ್ ಮಾಡಿ. ವಿಡಿಯೊಗಳಲ್ಲಿ ತೋರಿಸುವ ಮ್ಯಾಗ್ನೆಟ್ ನಂಬಬೇಡಿ, ಏರಿನಲ್ಲಿ ಕೈಬಿಡುತ್ತದೆ. ಎರಡೂ ತುದಿಗೆ ಕೀಲಿರುವ ಬಿಡಿ ಸರಳಂತೂ ಬೇಡವೇ ಬೇಡ: ಟ್ರೇಲರಿನ ಮೂತಿ ನೆಲಕ್ಕೆ ಬೀಳುತ್ತದೆ, ಲೆಕ್ಕವೂ ಕೆಡುತ್ತದೆ.

ಪರೀಕ್ಷೆಗೆ ಮೊದಲ ಟ್ರೇಲರಿನ ಚಕ್ರಕ್ಕೆ ಬಿಳಿ ರಂಗೋಲಿ ಪುಡಿ, ಕೊನೆಯದಕ್ಕೆ ಕೆಂಪು ಸವರಿ ವೃತ್ತದಲ್ಲಿ ಎಳೆಯಿರಿ. ತಿರುವು ಶುರುವಾಗುವಲ್ಲಿ ಕೆಂಪು ಗೆರೆ ತುಸು ಹೊರಕ್ಕೆ ಹೋಗುವುದು ಸಹಜ. ಆಮೇಲೂ ಬಿಳಿಯ ಮೇಲೆ ಬಂದು ಕೂರದಿದ್ದರೆ ಅಳತೆ ತಪ್ಪಿದೆ.

ಕೊನೆಗೆ ಪೆಟ್ಟಿಗೆಗಳು. ನಿಜವಾದ ಕಂಟೇನರನ್ನು ಲಾರಿಯ ಟ್ವಿಸ್ಟ್‌ಲಾಕ್‌ಗಳು (ತಿರುಗಿಸಿ ಬಿಗಿಯುವ ಕೊಕ್ಕೆಗಳು) ಮೂಲೆಗಳಲ್ಲೇ ಹಿಡಿಯುವುದು. ನಾವು ಹಾಸಿನ ನಾಲ್ಕು ಮೂಲೆಗೆ ಟೂತ್‌ಪಿಕ್ ಗೂಟ ನೆಡೋಣ. ಒಂದೇ ರಟ್ಟಿನ ಮಾದರಿ ಇಟ್ಟು ಎಲ್ಲ ಪೆಟ್ಟಿಗೆಗೂ ತೂತು ಹಾಕಿ; ಆಗ ನೀರಿನ ಟ್ಯಾಂಕು, ಸರಕಿನ ಡಬ್ಬಿ, ಮಲಗುವ ಕೋಣೆ ಯಾವುದನ್ನಾದರೂ ಯಾವ ಟ್ರೇಲರಿಗಾದರೂ ಕೂರಿಸಬಹುದು. ಭಾರ ಅಚ್ಚಿಗಿಂತ ಕೊಂಚ ಮುಂದಿರಲಿ. ಥರ್ಮಾಕೋಲ್ ಬಳಸಿದ್ದರೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕರಗಿ ಗುಳಿ ಬೀಳುತ್ತದೆ. ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲೇ ಹಚ್ಚಿ.