ಜೇಬು ಖಾಲಿಯಾಗದಂತೆ ಡೇಟಿಂಗ್ ಮಾಡುವುದು ಹೇಗೆ?

ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಕೆಲಸ ಮಾಡುವವರಿಗೆ ಡೇಟಿಂಗ್ ಖರ್ಚು ಯಾಕೆ ಕೈ ಮೀರುತ್ತದೆ ಗೊತ್ತಾ? ಮನೆಗೆ ಕರೆಯುವಂತಿಲ್ಲ, ಪಿಜಿಯಲ್ಲಿ ಒಳಗೆ ಬಿಡುವುದಿಲ್ಲ, ರಸ್ತೆ ಬದಿ ನಿಂತು ಮಾತಾಡಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಕೆಫೆಗೆ ಹೋಗುತ್ತೀರಿ. ಅಲ್ಲಿ ಕೊಡುವ ದುಡ್ಡಲ್ಲಿ ಕಾಫಿಯದ್ದು ಸ್ವಲ್ಪ, ಎರಡು ಗಂಟೆ ಕೂರುವ ಜಾಗದ್ದೇ ಜಾಸ್ತಿ. ಕೂರುವುದು ಒಂದು ಕಡೆ, ತಿನ್ನುವುದು ಇನ್ನೊಂದು ಕಡೆ ಅಂತ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ದುಡ್ಡಿನ ಮಾತಾಡಿ

ಕಷ್ಟದ ಹೆಜ್ಜೆ ಇದೇ. ಬಿಲ್ ಟೇಬಲ್ಲಿಗೆ ಬಂದಾಗ ಮುಖ ಮುಖ ನೋಡಿಕೊಳ್ಳುವ ಬದಲು, ಹೊರಡುವ ಮುಂಚೆ ಫೋನಲ್ಲೇ ಹೇಳಿಬಿಡಿ: "ಈ ತಿಂಗಳು ಸ್ವಲ್ಪ ಟೈಟ್ ಇದೆ, ಭಾನುವಾರ ಐನೂರರೊಳಗೆ ಮುಗಿಸೋಣ್ವಾ?" ಎಷ್ಟೋ ಸಲ ಆ ಕಡೆಯವರೂ ಇದೇ ಮಾತಿಗೆ ಕಾಯುತ್ತಿರುತ್ತಾರೆ, ಸಂಕೋಚಕ್ಕೆ ಬಾಯಿ ಬಿಟ್ಟಿರುವುದಿಲ್ಲ ಅಷ್ಟೇ. ಹುಡುಗನೇ ಕೊಡಬೇಕು ಅನ್ನುವ ರೂಢಿಯಿಂದ ಇಬ್ಬರಿಗೂ ನಷ್ಟ. ಅವನು ಸಾಲ ಮಾಡುತ್ತಾನೆ, ಅವಳಿಗೆ ಸುಮ್ನೆ ಹಂಗು. ಒಂದು ಸಲ ನೀವು, ಒಂದು ಸಲ ಅವರು ಅಂತ ಇಟ್ಟುಕೊಳ್ಳಿ. ಸಂಬಳದಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಜಾಸ್ತಿ ಬರುವವರು ಊಟ ಕೊಡಿಸಲಿ, ಕಡಿಮೆ ಬರುವವರು ಕಾಫಿ. ಕ್ರೆಡಿಟ್ ಕಾರ್ಡ್ ಉಜ್ಜಿ ಆಮೇಲೆ ಇಎಂಐ ಕಟ್ಟುವಂಥ ಊಟ ಮಾತ್ರ ಬೇಡವೇ ಬೇಡ.

ಆಮೇಲೆ ಜಾಗ

ಎಲ್ಲಿಗೆ ಅಂತ ನಿರ್ಧರಿಸದೆ ಹೊರಟರೆ ಕಾಲು ತಾನಾಗಿ ಮಾಲ್ ಕಡೆ ಹೋಗುತ್ತದೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಟಿಕೆಟ್ಟೂ ಇಲ್ಲ, ಪಕ್ಕದಲ್ಲೇ ಮೆಟ್ರೋ ಸ್ಟೇಷನ್. ನಾಲ್ಕು ಗಂಟೆಗೆ ಹೋಗಿ, ಕತ್ತಲಾಗುವ ಮೊದಲು ಎದ್ದು ಬನ್ನಿ. ತಿಂಡಿ ಡಬ್ಬ ಒಯ್ದರೆ ಗಾರ್ಡ್ ತಡೆಯುತ್ತಾರೆ, ಅದಕ್ಕೆ ತಿಂದೇ ಹೋಗಿ. ಮಳೆ ಬಂದರೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸೋಮವಾರ ರಜೆ. ಮಲ್ಟಿಪ್ಲೆಕ್ಸಲ್ಲಿ ಪಾಪ್‌ಕಾರ್ನಿಗೆ ಕೊಡುವುದಕ್ಕಿಂತ ಇಲ್ಲಿನ ಟಿಕೆಟ್ ಎಷ್ಟೋ ಕಡಿಮೆ, ಚಿತ್ರ ನೋಡುತ್ತಾ ನಡೆದರೆ ಮಾತಿಗೆ ಬರವೂ ಇರುವುದಿಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡುವುದಾದರೆ ಟೈಮಿಗೆ ಸರಿಯಾಗಿ ಹೋಗಿ. ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಟಿಕೆಟ್ ದುಡ್ಡು ದಂಡ.

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ, ಇವೆರಡನ್ನೂ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೈಸೂರಿನವರಂತೂ ಪುಣ್ಯವಂತರು, ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ನೋಡುವುದಕ್ಕೆ ಕಾಸು ಕೊಡಬೇಕಿಲ್ಲ.

ಬಿಲ್ ಓದಿ

ಹೊಟ್ಟೆಗೆ ದರ್ಶಿನಿ ಸಾಕು: ಇಬ್ಬರಿಗೆ ಮಸಾಲೆ ದೋಸೆ, ಬೈಟು ಕಾಫಿ. ತಿಂಗಳಿಗೊಮ್ಮೆ ದೊಡ್ಡ ರೆಸ್ಟೋರೆಂಟಿಗೆ ಹೋದರೆ ತಪ್ಪೇನಿಲ್ಲ, ಆದರೆ ಬಿಲ್ಲಿನ ಕೆಳಗಿನ ಸಾಲುಗಳನ್ನು ಬಿಡದೆ ಓದಿ. ಊಟ 1,200 ರೂಪಾಯಿ ಆಗಿದೆ ಅಂದುಕೊಳ್ಳಿ. ಅದರ ಕೆಳಗೆ ಶೇ 10 ಸರ್ವಿಸ್ ಚಾರ್ಜ್, 120. ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ 5 ಜಿಎಸ್‌ಟಿ, 66. ಒಟ್ಟು 1,386. ಜಿಎಸ್‌ಟಿ ಕಟ್ಟಲೇಬೇಕು, ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮೆಲ್ಲಗೆ "ಸರ್ವಿಸ್ ಚಾರ್ಜ್ ತೆಗೆದು ಬಿಲ್ ಕೊಡಿ" ಅನ್ನಿ, 1,260ಕ್ಕೆ ಇಳಿಯುತ್ತದೆ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಉಳಿದದ್ದರಲ್ಲಿ ಬಡಿಸಿದವರ ಕೈಗೆ ನೇರವಾಗಿ ಒಂದಿಷ್ಟು ಟಿಪ್ಸ್ ಕೊಟ್ಟರೆ ಇನ್ನೂ ಒಳ್ಳೆಯದು. ನೀರು ಕೇಳಿದಾಗ ಬಾಟಲ್ ತಂದಿಟ್ಟರೆ "ಸಾದಾ ನೀರು ಸಾಕು" ಅನ್ನುವುದಕ್ಕೆ ನಾಚಿಕೆ ಯಾಕೆ?

ಓಡಾಟ, ಉಡುಗೊರೆ

ಕ್ಯಾಬ್ ಬುಕ್ ಮಾಡುವ ಮೊದಲು ಬಸ್ ನೋಡಿ. ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹುಡುಗಿಯರಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಉಚಿತ, ಜೊತೆಗೆ ಇಲ್ಲಿನ ವಿಳಾಸ ಇರುವ ಗುರುತಿನ ಚೀಟಿ ಇರಲಿ. ಎಸಿ ವಜ್ರ ಬಸ್ಸಿಗೆ ಅದು ನಡೆಯುವುದಿಲ್ಲ. ಮೆಟ್ರೋಗೆ ಟೋಕನ್ ಬದಲು ಸ್ಮಾರ್ಟ್ ಕಾರ್ಡ್ ಇಟ್ಟುಕೊಂಡರೆ ರಿಯಾಯಿತಿ ಇದೆ. ತಡರಾತ್ರಿ ಮಾತ್ರ ದುಡ್ಡಿನ ಮುಖ ನೋಡದೆ ಆಟೋನೋ ಕ್ಯಾಬೋ ಮಾಡಿಕೊಂಡು ಹೋಗಿ, ತಲುಪಿದ ಮೇಲೆ ಒಂದು ಮೆಸೇಜ್ ಹಾಕಿ.

ಉಡುಗೊರೆಗೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಿವೆ. ಗುಲಾಬಿ ಕೊಡಲೇಬೇಕು ಅಂತಿದ್ದರೆ ಫೆಬ್ರುವರಿ 14ರಂದು ಬೊಕೆ ಅಂಗಡಿ ಮುಂದೆ ನಿಲ್ಲಬೇಡಿ, ಅವತ್ತು ರೇಟು ಕೇಳುವ ಹಾಗಿರುವುದಿಲ್ಲ. ಬೆಳಗ್ಗೆ ಬೇಗ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಕಟ್ಟು ಗುಲಾಬಿ ತನ್ನಿ, ಎಲೆ ಬಿಡಿಸಿ, ದಂಟಿನ ತುದಿ ಓರೆಯಾಗಿ ಕತ್ತರಿಸಿ ನೀರಲ್ಲಿಡಿ. ಸಂಜೆವರೆಗೂ ಬಾಡುವುದಿಲ್ಲ.