ಕೊಲ್ಯಾಬ್‌ನಲ್ಲಿ ಸಾವಿರಾರು ಚಿತ್ರ ಓದಿಸಬೇಕೇ? ಮೊದಲು ಜಿಪ್ ಮಾಡಿ

ಗೂಗಲ್ ಕೊಲ್ಯಾಬ್‌ನಲ್ಲಿ (ಬ್ರೌಸರಿನಿಂದಲೇ ಗೂಗಲ್‌ನ ಯಂತ್ರದಲ್ಲಿ ಪ್ರೋಗ್ರಾಂ ಓಡಿಸುವ ಸೇವೆ) ಸಂಶೋಧನೆ ಮಾಡುವವರು ಡೇಟಾವನ್ನು ಗೂಗಲ್ ಡ್ರೈವ್‌ನಿಂದ ನೇರವಾಗಿ ಓದಿಸಬೇಡಿ. ಇಡೀ ಫೋಲ್ಡರನ್ನು ಒಂದೇ ಜಿಪ್ ಮಾಡಿ ಡ್ರೈವ್‌ನಲ್ಲಿಡಿ. ಸೆಷನ್ ಶುರುವಾದ ಕೂಡಲೇ ಅದನ್ನು ಕೊಲ್ಯಾಬ್ ಯಂತ್ರದ 'ಕಂಟೆಂಟ್' (/content) ಫೋಲ್ಡರಿಗೆ ಕಾಪಿ ಮಾಡಿ, ಅಲ್ಲೇ ಬಿಚ್ಚಿ. ಡ್ರೈವ್ ನಮ್ಮ ಕಣ್ಣಿಗೆ ಫೋಲ್ಡರಿನ ಹಾಗೆ ಕಂಡರೂ ಅದು ಇರುವುದು ನೆಟ್‌ವರ್ಕಿನ ಆಚೆ. ಅಡಿಕೆ ಎಲೆಚುಕ್ಕಿ ರೋಗದ 10,000 ಫೋಟೋ ಇದ್ದರೆ 10,000 ಸಲ ಹೋಗಿ ಕೇಳಬೇಕು, ಅಷ್ಟು ಹೊತ್ತು ಜಿಪಿಯು (ಮಾಡೆಲ್ ತರಬೇತಿಯ ಲೆಕ್ಕ ಮಾಡುವ ಚಿಪ್) ಸುಮ್ನೆ ಕಾಯುತ್ತಿರುತ್ತದೆ. ಜಿಪ್ ಆದರೆ ಒಂದೇ ಸಲ ಬರುತ್ತದೆ, ಆಮೇಲೆ ಎಲ್ಲವೂ ಯಂತ್ರದ ಸ್ವಂತ ಡಿಸ್ಕಿನಿಂದಲೇ. ಬಿಚ್ಚುವಾಗ ಅನ್‌ಜಿಪ್ ಕಮಾಂಡಿಗೆ 'ಕ್ಯೂ' (-q) ಆಯ್ಕೆ ಕೊಡಿ, ಇಲ್ಲದಿದ್ದರೆ ಪ್ರತಿ ಫೈಲಿನ ಹೆಸರೂ ಪರದೆ ಮೇಲೆ ಸುರಿದು ಬ್ರೌಸರ್ ತೂಕಡಿಸುತ್ತದೆ. ಒಂದು ಎಚ್ಚರಿಕೆ: ಡ್ರೈವ್ ಜೋಡಣೆಯಾಗುವುದೂ ಸಾಮಾನ್ಯವಾಗಿ ಕಂಟೆಂಟ್ ಒಳಗೇ. ಮರೆತು ಡ್ರೈವ್‌ನ ಫೋಲ್ಡರಿನೊಳಗೆ ಬಿಚ್ಚಿದರೆ ಮೊದಲಿಗಿಂತ ಜಾಸ್ತಿ ತೊಂದರೆ. ಡೇಟಾ ಡಿಸ್ಕಿಗಿಂತ ದೊಡ್ಡದಿದ್ದರೆ ಈ ದಾರಿ ನಡೆಯುವುದಿಲ್ಲ, ತುಂಡು ಮಾಡಿ ಒಂದೊಂದಾಗಿ ತರಬೇಕು. ಇರುವುದೇ ನಾಲ್ಕೈದು ದೊಡ್ಡ ಫೈಲ್ ಆದರೆ ಅಂಥ ಲಾಭವೇನೂ ಇಲ್ಲ. ಸೆಷನ್ ಮುಗಿದರೆ ಆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಉಚಿತ ಆವೃತ್ತಿಯಲ್ಲಿ ಹೆಚ್ಚೆಂದರೆ 12 ಗಂಟೆ, ಎಷ್ಟೋ ಸಲ ಅದಕ್ಕೂ ಮೊದಲೇ ಕಡಿದುಹೋಗುತ್ತದೆ. ಹಾಗಾಗಿ ಆ ಡಿಸ್ಕಿನಲ್ಲಿ ಡೇಟಾ ಮಾತ್ರ ಇರಲಿ. ಮಾಡೆಲ್‌ನ ಚೆಕ್‌ಪಾಯಿಂಟ್ (ಅಲ್ಲಿಯವರೆಗೆ ಕಲಿತದ್ದನ್ನು ಉಳಿಸಿದ ಫೈಲ್), ಫಲಿತಾಂಶದ ಫೈಲ್‌ಗಳನ್ನು ತರಬೇತಿಯ ಪ್ರತಿ ಸುತ್ತು ಮುಗಿದಾಗಲೂ ಡ್ರೈವ್‌ಗೇ ಉಳಿಸಿ. ರಾತ್ರಿಯಿಡೀ ಓಡಿಸಿದ ಕೆಲಸ ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ.