ಚಳಿಗಾಲದಲ್ಲಿ ಕಡಲ ದಂಡೆ ಮೇಲೆ ಆರ್‌ಸಿ ವಿಮಾನ ಹಾರಿಸುವುದು

ಹಿಮ ಬೀಳುವ ಊರುಗಳಲ್ಲಿ ಆರ್‌ಸಿ, ಅಂದರೆ ರಿಮೋಟ್‌ನಿಂದ ಹಾರಿಸುವ ಮಾಡೆಲ್ ವಿಮಾನದ ಚಕ್ರ ತೆಗೆದು ಸ್ಕೀ ಹಾಕುತ್ತಾರೆ. ನಮ್ಮ ಕುಮಟಾ, ಹೊನ್ನಾವರ ಕಡೆ ಕಾಟ ಕೊಡುವುದು ಮರಳು, ಉಪ್ಪುಗಾಳಿ.

ಮೊದಲು ಜಾಗ. ಕಾರವಾರದ ಅರ್ಗಾದಲ್ಲಿ ನೌಕಾನೆಲೆ ಇದೆ, ಆ ಸುತ್ತಮುತ್ತ ಹಾರಿಸುವ ಯೋಚನೆಯೇ ಬೇಡ. ಬೇರೆ ಕಡೆಯೂ ಅನುಮತಿ ವಿಚಾರಿಸಿಕೊಂಡು, ಜನ, ದೋಣಿ ಇಲ್ಲದಲ್ಲಿ ನಿಲ್ಲಿ.

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಕಡಲಿಂದ ಜೋರಾಗಿ ನುಗ್ಗುತ್ತದೆ. ಹೊಸಬರಿಗೆ ಬೆಳಿಗ್ಗೆಯೇ ಸರಿ, ಆದರೆ ಮೋಟಾರ್ ನಿಂತರೆ ಅದೇ ಗಾಳಿ ವಿಮಾನವನ್ನು ನೀರಿನತ್ತ ತಳ್ಳುತ್ತದೆ ಅಲ್ವಾ, ಅದಕ್ಕೆ ಸುತ್ತುಗಳನ್ನೆಲ್ಲ ದಂಡೆಯ ಮೇಲೇ ಹಾಕಿ. ಗಾಳಿಮರದ ಸಾಲಿಗೆ ತೀರಾ ಹತ್ತಿರ ಹೋಗಬೇಡಿ, ಅಲ್ಲಿ ಗಾಳಿ ಸುಳಿಯುತ್ತದೆ.

ಸಮುದ್ರ ಇಳಿದಾಗ ಸಿಗುವ ಒದ್ದೆ ಮರಳು ರನ್‌ವೇಗೆ ಸಾಕಷ್ಟು ಗಟ್ಟಿ. ಒಣ ಮರಳಲ್ಲಿ ಸಣ್ಣ ಚಕ್ರ ಹೂತು, ಮೂತಿ ನೆಲಕ್ಕೆ ಬಡಿದು, ಪ್ರೊಪೆಲರ್ ಮುರಿಯುತ್ತದೆ. ಫೋಮ್ ವಿಮಾನವಾದರೆ ಚಕ್ರ ತೆಗೆದು ಕೈಯಿಂದ ಬಿಡುವುದೇ ವಾಸಿ: ಗಾಳಿಗೆ ಎದುರಾಗಿ, ರೆಕ್ಕೆ ಸಮ ಇಟ್ಟು ಮುಂದಕ್ಕೆ ತಳ್ಳಿ. ಸುಮ್ನೆ ಮೇಲಕ್ಕೆ ಎಸೆದರೆ ವೇಗ ಸಾಲದೆ ಅಲ್ಲೇ ಕುಸಿಯುತ್ತದೆ.

ಇಳಿಸಿದ ಮೇಲಿನ ಕೆಲಸವೇ ಜಾಸ್ತಿ. ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಕಡ್ಡಿ, ಹಿಂಜ್ ಸಂದಿಗಳಿಂದ ಮರಳನ್ನು ಒಣ ಬ್ರಷ್‌ನಲ್ಲಿ ಉದುರಿಸಿ. ಮೋಟಾರನ್ನು ಕೈಯಲ್ಲಿ ತಿರುಗಿಸಿ ನೋಡಿ, ಕರಕರ ಅಂದರೆ ಮತ್ತೆ ಹಾರಿಸಬೇಡಿ. ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಸೆಲ್‌ಗೆ ಸುಮಾರು 3.8 ವೋಲ್ಟ್‌ಗೆ ತಂದು ಎತ್ತಿಡಿ.